ಪೆಟ್ರೋಲ್ ಮುಚ್ಚಳಕ್ಕೆ ಇಬ್ಬರು ಬೇಕು

ಪೆಟ್ರೋಲ್ ಪಂಪಿಗೆ ಹೋದಾಗೊಮ್ಮೆ ನನಗೆ ಏನಾದರೂ ಒಂದು ಆಗೇ ಆಗುತ್ತಿತ್ತು. ಬೇರೆಯವರು ಹೋಗುತ್ತಾರೆ, ಹಾಕಿಸುತ್ತಾರೆ, ಬರುತ್ತಾರೆ. ನಾನು ಹೋದರೆ ಅಲ್ಲಿ ಮಂದಿ ಕೂಡುತ್ತಿತ್ತು. ತಪ್ಪು ನನ್ನದಲ್ಲ. ಗಾಡಿಯದು.

ನಾನು ಬಾಡಿಗೆ ಕಾರು ಓಡಿಸುವವ. ಮನೆ ಅಫಜಲಪುರದಲ್ಲಿ. ಆಳಂದ, ಜೇವರ್ಗಿ, ಗಾಣಗಾಪುರ, ಎಲ್ಲಿ ಅಂದರೆ ಅಲ್ಲಿಗೆ ಹೋಗುತ್ತೇನೆ. ಗುರುವಾರ, ಹುಣ್ಣಿವಿಗೆ ಗಾಣಗಾಪುರದ ಬಾಡಿಗೆ ಹೆಚ್ಚು. ಸಾಲಿ ನಾಕನೇ ಇಯತ್ತೆ ತನಕ ಕಲಿತವ ನಾನು. ಉದ್ದ ಬರೆಯೂದು ಬರೂದಿಲ್ಲ. ಆದದ್ದು ಆದಂಗ ಬರೆಯುತ್ತೇನೆ.

ನನ್ನ ಕಾರು ಹಳೇದು. ಪೆಟ್ರೋಲ್ ಟಾಕಿಯ ಮುಚ್ಚಳ ಹಿಂದೆ, ಎಡಗಡೆ ಇದೆ. ಅದನ್ನು ತೆಗೆಯುವ ಹ್ಯಾಂಡಲ್ ಡ್ರೈವರ್ ಸೀಟಿನ ಬಲಕ್ಕೆ, ನೆಲದ ಹತ್ತಿರ. ಹೊಸತಿದ್ದಾಗ ಹ್ಯಾಂಡಲ್ ಎಳೆದರೆ ಮುಚ್ಚಳ ಟಪ್ ಅಂತ ತಾನೇ ಜಿಗಿಯುತ್ತಿತ್ತು. ಬರಬರುತ್ತ ಒಳಗಿನ ತಂತಿ ಸಡಿಲಾಯಿತು. ಆಮೇಲೆ ಒಬ್ಬರು ಒಳಗೆ ಕುಂತು ಹ್ಯಾಂಡಲ್ ಎಳೆದು ಹಿಡಿದೇ ಇರಬೇಕು. ಇನ್ನೊಬ್ಬರು ಹೊರಗೆ ನಿಂತು ಮುಚ್ಚಳಕ್ಕೆ ಅಂಗೈಲಿಂದ ಒಂದು ಏಟು ಹಾಕಿ, ಉಗುರು ತೂರಿಸಿ ಎತ್ತಬೇಕು. ಒಳಗಿನವರು ಕೈ ಬಿಟ್ಟರೆ ಮುಗೀತು, ಮತ್ತೆ ಬಂದ್. ಒಬ್ಬನಿಗೇ ಎರಡೂ ಎಟುಕುವುದಿಲ್ಲ. ಹ್ಯಾಂಡಲ್ಲಿಗೆ ಹಗ್ಗ ಕಟ್ಟಿ ನೋಡಿದೆ. ಹಗ್ಗ ಹರಿಯಿತು. ಕಲ್ಲು ಇಟ್ಟು ನೋಡಿದೆ. ಹ್ಯಾಂಡಲ್ ಮೇಲಕ್ಕೆ ಎಳೆಯಬೇಕು, ಕಲ್ಲು ಕೆಳಕ್ಕೆ ಒತ್ತುತ್ತದೆ. ಅದು ತಿಳಿಯಲಿಕ್ಕೆ ನನಗೆ ಎರಡು ಕಲ್ಲು ಬೇಕಾಯಿತು.

ಇಷ್ಟು ವರ್ಷ ಒಳಗೆ ಕುಂತು ಎಳೆಯುತ್ತಿದ್ದವಳು ನನ್ನ ಹೆಂಡತಿ. ಪೆಟ್ರೋಲ್ ಹಾಕಿಸೂದು ಅಂದರೆ ನಮ್ಮಿಬ್ಬರಿಗೆ ಊರಿಗೆ ಹೋದಂಗ. ಆಕಿ ಸೀರೆ ಬದಲು ಮಾಡಿ ಬರುತ್ತಿದ್ದಳು. ಹೋದ ವರ್ಷ ಲಿಂಗೈಕ್ಯ ಆದಳು.

ಮಿಸ್ತ್ರಿ ಹೇಳಿದ್ದ. "ಅರ್ಧ ತಾಸಿನ ಕೆಲಸ ಕಾಕಾ. ಹೊಸಾ ತಂತಿ ಹಾಕಿದ್ರ ಒಬ್ಬರೇ ತಗೀಬಹುದು." ನಾನು ನೋಡೂಣು ಅಂದೆ.

ಜೇವರ್ಗಿಯಲ್ಲಿರುವ ಮಗಳು ಫೋನ್ ಮಾಡಿದಾಗೆಲ್ಲ ಇದೇ ಮಾತು.

"ಅಪ್ಪಾ, ತಂತಿ ಹಾಕ್ಸಿದೇನು?"

"ಹಾಕಸ್ತೇನವಾ."

"ಯಾವಾಗ?"

"ನೋಡೂಣು."

"ಪೆಟ್ರೋಲ್ ಮುಗದು ಅಡವ್ಯಾಗ ನಿಂತಿ ಅಂದ್ರ ಯಾರು ಬಂದು ಎಳೀತಾರ? ತಂತಿ ಹಾಕ್ಸು. ಇಲ್ಲಾ ಗಾಡಿ ಮಾರಿ ನಮ್ಮ ಮನಿಗಿ ಬಾ."

ಮಗಳ ಮಾತು ಬರೋಬರಿ. ಆದರೆ ಗಾಡಿ ಮಾರಿದರೆ ನಾನು ದಿನಾ ಏನು ಮಾಡಲಿ? ತಂತಿ ಹಾಕಿಸಿದರೆ ಆಕಿ ಕೆಲಸ ಕಸಗೊಂಡಂಗ. ಮನೆಯಲ್ಲಿ ಆಕಿ ಮಾಡುತ್ತಿದ್ದ ಕೆಲಸ ಒಂದೊಂದೇ ಹೋದವು. ನೀರು ನಾನೇ ತುಂಬುತ್ತೇನೆ. ಕಸ ನಾನೇ ಹೊಡೆಯುತ್ತೇನೆ. ರೊಟ್ಟಿ ಖಾನಾವಳಿಯಿಂದ ಬರುತ್ತದೆ. ಇದೊಂದು ಉಳಿದಿತ್ತು. ಇದಕ್ಕೆ ಕೈ ಹಚ್ಚಲಿಕ್ಕೆ ಮನಸ್ಸು ಬರಲಿಲ್ಲ.

ಹಂಗಾಗಿ ಪಂಪಿನಲ್ಲಿ ಯಾರು ಸಿಗುತ್ತಾರೋ ಅವರನ್ನೇ ಕರೆದು ಕೂಡಿಸುತ್ತಿದ್ದೆ. ಟಾಕಿ ತುಂಬಿಸುತ್ತಿರಲಿಲ್ಲ. ತುಂಬಿಸಿದರೆ ಭಾಳ ದಿನ ಯಾರನ್ನೂ ಕರೆಯೂದು ಬೀಳುವುದಿಲ್ಲ. ಅದಕ್ಕೆ ಸ್ವಲ್ಪ ಸ್ವಲ್ಪ ಹಾಕಿಸುತ್ತಿದ್ದೆ.

೧. ಮಾಲಕರು

ಮೊದಲು ಆಕಿದೇ ಒಂದು ಹೇಳುತ್ತೇನೆ.

ಆಳಂದಕ್ಕೆ ಬಾಡಿಗೆ ಬಿಟ್ಟು ವಾಪಸ್ ಬರುತ್ತಿದ್ದೆ. ಆಕಿ ತಂಗಿ ಮನೆ ಆಳಂದದಲ್ಲೇ, ಅದಕ್ಕೆ ಕೂಡ ಬಂದಿದ್ದಳು. ಕಡಗಂಚಿ ಹತ್ತಿರ ಒಂದು ಹೊಸ ಪಂಪ್ ಕಂಡಿತು. ಗಾಡಿ ಹಚ್ಚಿದೆ. ನಾನು ಇಳಿದು ಮುಚ್ಚಳದ ಕಡೆ ಹೋದೆ. ಆಕಿ ಸರಿದು ನನ್ನ ಸೀಟಿನಲ್ಲಿ ಕುಂತಳು. ಸ್ಟೇರಿಂಗಿನ ಹಿಂದೆ, ತಲಿ ಮೇಲೆ ಸೆರಗು, ಕೈಯಲ್ಲಿ ಹ್ಯಾಂಡಲ್.

ಪೆಟ್ರೋಲ್ ಹಾಕುವವನಿಗೆ ನಾವು ಹೊಸಬರು. ಅವ ಸೀದಾ ಆಕಿ ಕಡೆ ಹೋದ.

"ನಮಸ್ಕಾರ್ರಿ ಮೇಡಮ್. ಎಷ್ಟು ಹಾಕಲ್ರಿ?"

ನಾನು ಹಿಂದಿನಿಂದ "ಐನೂರು" ಅಂದೆ.

"ನೀ ಸುಮ್ಮನಿರು ಮಾರಾಯಾ. ಮೇಡಮ್ಮೋರು ಹೇಳ್ತಾರ."

ಆಕಿ ನನ್ನ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡಳು. "ತುಂಬ್ಸಿಬಿಡ್ರಿ" ಅಂದಳು.

"ಗಾಳಿ ನೋಡಲೇನ್ರಿ?"

"ನೋಡ್ರಿ."

"ಕಾಚ್ ಒರಸಲೇನ್ರಿ?"

"ಒರಸ್ರಿ. ಮತ್ತ ನಮ್ಮ ಡ್ರೈವರ್ ಮುಂಜಾನಿಂದ ಚಾ ಕುಡದಿಲ್ಲ, ಪಾಪ. ಆತಗ ಒಂದು ಚಾ ಕೊಡ್ರಿ."

ಚಾ ಬಂತು. ಕುಡಿದೆ. ಅವ ನನ್ನ ಬಾಜೂಕ ನಿಂತು ಸಣ್ಣ ದನಿಯಲ್ಲಿ ಕೇಳಿದ. "ಇವರ ಹಂತೇಲಿ ಭಾಳ ದಿನದಿಂದ ಅದೀರೇನು?"

"ಭಾಳ ವರ್ಷ ಆಯ್ತು."

"ಪಗಾರ?"

"ಊಟ ಹಾಕ್ತಾರ."

ಅವ ಚ್ ಚ್ ಅಂದ. ಸ್ವಲ್ಪ ವಿಚಾರ ಮಾಡಿದ. "ಆದ್ರೂ ಬಿಡಬ್ಯಾಡ್ರಿ. ಡ್ರೈವರನ ಸಲುವಾಗಿ ಚಾ ಕೇಳೋ ಮಾಲಕರು ಎಲ್ಲಿ ಸಿಗ್ತಾರ?"

ಗಾಡಿ ಊರು ಮುಟ್ಟುವ ತನಕ ಆಕಿ ಬಾಯಿಗೆ ಸೆರಗು ಹಿಡಕೊಂಡು ನಕ್ಕಳು. ನಡುನಡುವೆ "ಪಗಾರ ಹೆಚ್ಚು ಮಾಡ್ಲೇನು?" ಅಂತ ಕೇಳುತ್ತಿದ್ದಳು.

ಅವ ಹೇಳಿದಂಗ ನಾನು ಬಿಡಲಿಲ್ಲ. ಮಾಲಕರೇ ನನ್ನನ್ನು ಕೆಲಸದಿಂದ ತೆಗೆದರು.

೨. ತಪಾಸಣಿ

ಆಕಿ ಹೋದ ಮೇಲೆ ಮೊದಲ ಸಲ ಪಂಪಿಗೆ ಹೋದಾಗ ನನಗೆ ನೆನಪೇ ಆಗಲಿಲ್ಲ. ಅಫಜಲಪುರದ ಪಂಪ್. ಗಾಡಿ ನಿಲ್ಲಿಸಿದೆ. ಇಳಿದು ಮುಚ್ಚಳದ ಹತ್ತಿರ ಹೋದೆ. "ಹಾಂ, ಎಳಿ" ಅಂದೆ.

ಎಳೆಯಲಿಲ್ಲ.

"ಎಳಿಯಬೇ" ಅಂದೆ.

ಹಿಂದೆ ಮೋಟರ್ ಸೈಕಲ್ ಮೇಲೆ ಒಬ್ಬ ಕಾನ್‌ಸ್ಟೇಬಲ್ ಇದ್ದ. ದಪ್ಪ ಆಳು. "ಯಾರಿಗಿ ಹೇಳಾಕತ್ತೀರಿ ಕಾಕಾ? ಗಾಡ್ಯಾಗ ಯಾರೂ ಇಲ್ಲಲ್ಲಾ" ಅಂದ.

ನಾನು ಬಗ್ಗಿ ಸೀಟಿನ ಕಡೆ ನೋಡಿದೆ. ಆಮೇಲೆ, "ನೀವರ ಎಳೀರಿ ಸಾಹೇಬ್ರ" ಅಂದೆ.

ಅವ ಒಳ್ಳೆಯವ. ಇಳಿದು ಬಂದು ನನ್ನ ಸೀಟಿನಲ್ಲಿ ಕುಂತ. ಕೈಗೆ ಸಿಕ್ಕದ್ದು ಎಳೆದ. ಮುಂದೆ ಬಾನೆಟ್ ಢಪ್ ಅಂತ ಎದ್ದಿತು.

"ತೆರೀತು ನೋಡ್ರಿ" ಅಂದ.

"ಅದಲ್ಲರಿ. ಇನ್ನಾ ಕೆಳಗ."

ಅವ ಕೆಳಗೆ ಕೈ ಹಾಕಿದ. ಅಲ್ಲಿ ಸೀಟು ಹಿಂದೆ ಮಲಗಿಸುವ ಹಿಡಿಕೆಯೂ ಇದೆ. ಅದನ್ನು ಬಲ ಹಾಕಿ ಎಳೆದ. ಸೀಟು ಒಮ್ಮೆಲೇ ಹಿಂದೆ ಬಿತ್ತು. ಅದರ ಕೂಡ ಅವನೂ ಅಂಗಾತ ಬಿದ್ದ. ಟೊಪಗಿ ಮುಖದ ಮೇಲೆ ಬಂತು. ಹೊಟ್ಟೆಗೆ ಸ್ಟೇರಿಂಗ್ ಅಡ್ಡ ಬಂದು ಏಳಲಿಕ್ಕೆ ಬರವಲ್ಲದು.

ಅಷ್ಟರಲ್ಲಿ ಅವನ ಸಾಹೇಬರ ಜೀಪು ಪಂಪಿನೊಳಗೆ ಬಂತು. ಸಾಹೇಬರು ಕಿಡಕಿಯಲ್ಲಿ ಬಗ್ಗಿ ನೋಡಿದರು.

"ಏನ್ರಿ ಇದು? ಡ್ಯೂಟಿ ಮ್ಯಾಲ ಮಲಗೀರಿ?"

ಟೊಪಗಿ ಕೆಳಗಿಂದ ಆವಾಜ್ ಬಂತು. "ಗಾಡಿ ತಪಾಸಣಿ ಮಾಡಾಕತ್ತೇನ್ರಿ ಸರ್."

"ಮಲಕೊಂಡು?"

"ಮ್ಯಾಲಿನ ಭಾಗ ಉಳದಿತ್ರಿ ಸರ್."

ಜೀಪು ಹೋಯಿತು. ನಾನು ಅವನ ಕೈ ಹಿಡಿದು ಎಬ್ಬಿಸಿದೆ. ಅವನ ಮುಖ ಕೆಂಪಾಗಿತ್ತು. ಯಾರ ಮೇಲಾದರೂ ಸಿಟ್ಟು ತೀರಿಸಬೇಕಲ್ಲ. "ಕಾಗದ ತೋರಸ್ರಿ" ಅಂದ. ತೋರಿಸಿದೆ. ಲೈಸನ್ಸ್ ಬರೋಬರಿ. ವಿಮಾ ಬರೋಬರಿ. ಎಲ್ಲಾ ಬರೋಬರಿ. ಅವ ಕಾಗದ ಹಿಡಕೊಂಡು ಭಾಳ ಹೊತ್ತು ನಿಂತ. ಕಡೀಕ ವಾಪಸ್ ಕೊಟ್ಟ.

"ಕಾಕಾ, ಸಾಹೇಬರ ಮುಂದ ಮನಷ್ಯಾನ್ನ ಮಲಗಸೂದಕ್ಕ ಯಾವ ಕಲಮ್ ಅದ ಅಂತ ನೋಡಿ ಹೇಳ್ತೇನಿ" ಅಂದ.

ಇನ್ನೂ ಹೇಳಿಲ್ಲ. ಸಿಕ್ಕಾಗೊಮ್ಮೆ ಮಾತ್ರ ಕೈ ಎತ್ತುತ್ತಾನೆ. ಅಷ್ಟೂ ಭಾಳ ಆಯ್ತು.

೩. ಸಾವ್ಕಾರರ ಚೀಲ

ಇದು ಆಳಂದದ್ದು. ಆವತ್ತು ಮುಚ್ಚಳದ ತ್ರಾಸು ಬೇರೆಯವರ ಗಾಡಿದು. ನಾನು ನನ್ನ ಗಾಡಿ ಬಾಜೂಕ ಹಚ್ಚಿ, ಯಾರಾದರೂ ಬಂದಾರೇನು ಅಂತ ಕಾಯುತ್ತಿದ್ದೆ.

ತೊಗರಿ ಅಡತಿ ಅಂಗಡಿಯ ಸಾವ್ಕಾರರೊಬ್ಬರು ಹೊಸ ಕಾರು ತಂದರು. ಅವರ ಗಾಡಿಗೆ ಹ್ಯಾಂಡಲ್ಲೇ ಇಲ್ಲ. ಮುಚ್ಚಳದ ಒಂದು ಕಡೆ ಬೆರಳಿನಿಂದ ಒತ್ತಿದರೆ ಇನ್ನೊಂದು ಕಡೆ ಎದ್ದು ಬರುತ್ತದೆ. ಆದರೆ ಗಾಡಿ ಲಾಕ್ ಇದ್ದರೆ ಮುಚ್ಚಳವೂ ಲಾಕ್. ಸಾವ್ಕಾರರಿಗೆ ಒಂದು ಚಟ. ಗಾಡಿಯಿಂದ ಇಳಿದ ಕೂಡಲೇ ಕೀಲಿ ಒತ್ತುತ್ತಾರೆ. ಗಾಡಿ ಕೀಂಕ್ ಅನ್ನುತ್ತದೆ. ಒಳಗೆ ರೊಕ್ಕದ ಚೀಲ.

ಇಳಿದರು. ಕೀಂಕ್. ಮುಚ್ಚಳ ಒತ್ತಿದರು. ತೆರೆಯಲಿಲ್ಲ. ಗುದ್ದಿದರು. ತೆರೆಯಲಿಲ್ಲ. ನನ್ನ ಕಡೆ ನೋಡಿ, "ನೀವು ಡ್ರೈವರ್ ಕಾಣ್ತೀರಿ, ಜರಾ ನೋಡ್ರಿ" ಅಂದರು.

"ಲಾಕ್ ಮಾಡಬ್ಯಾಡ್ರಿ ಸಾವ್ಕಾರ್ರ. ತೆರೀತದ."

"ಲಾಕ್ ಮಾಡದ ಹೆಂಗ? ಚೀಲ ಅದ ಒಳಗ."

"ಹಂಗಾರ ನೀವು ಒಳಗ ಕುಂದರ್ರಿ."

ಕುಂತರು. ನಾನು ಒಂದು ಬೆರಳು ಒತ್ತಿದೆ. ತೆರೆಯಿತು. ಅವರಿಗೆ ಭಾಳ ಆಶ್ಚರ್ಯ ಆಯಿತು. "ಹೆಂಗ ಒತ್ತಿದ್ರಿ? ನಾ ನೋಡಲಿಲ್ಲ. ಮುಚ್ಚರಿ ಒಮ್ಮೆ." ಮುಚ್ಚಿದೆ. ಅವರು ಇಳಿದರು. ಕೀಂಕ್. ಒತ್ತಿದರು. ತೆರೆಯಲಿಲ್ಲ. "ನಿಮ್ಮ ಕೈಗುಣ ಅದ" ಅಂದರು. ಮತ್ತೆ ಒಳಗೆ ಕುಂತರು. ಮತ್ತೆ ತೆರೆದೆ. ಮತ್ತೆ ಇಳಿದರು. ಕೀಂಕ್. ಹಿಂದೆ ಗಾಡಿಗಳು ಕೂಡಿದವು, ಹಾರ್ನ್ ಚಾಲೂ ಆಯಿತು.

ಕಡೀಕ ಅವರೇ ಒಂದು ಹಂಚಿಕೆ ಹಾಕಿದರು. "ನೀವು ಒಳಗ ಕುಂದರ್ರಿ, ಚೀಲ ನೋಡ್ಕೋರಿ. ನಾ ಹೊರಗ ನಿಂತು ಒತ್ತತೇನಿ."

ಕುಂತೆ. ಅವರು ಬಾಗಿಲು ಹಾಕಿದರು. ಎರಡು ಹೆಜ್ಜೆ ನಡೆದರು. ಕೈ ತಾನೇ ಕೀಲಿ ಒತ್ತಿತು. ಕೀಂಕ್.

ಮುಚ್ಚಳ ತೆರೆಯಲಿಲ್ಲ. ತಿರುಗಿ ನೋಡಿದರು. ಅವರ ಗಾಡಿಯೊಳಗೆ, ಅವರ ಚೀಲದ ಬಾಜೂಕ, ಗುರುತು ಇಲ್ಲದ ಗಡ್ಡದ ಮನುಷ್ಯ. ಸಾವ್ಕಾರರು ಎರಡೂ ಕೈ ಎತ್ತಿ ಒದರಿದರು.

"ಯಾರರ ಬರ್ರಿ! ನನ ರೊಕ್ಕದ ಕೂಡ ಒಬ್ಬಾಂವ ಒಳಗ ಕುಂತಾನ!"

ಮಂದಿ ಓಡಿ ಬಂತು. ಬಾಗಿಲು ಒಳಗಿನಿಂದ ತೆಗೆಯೂದು ನನಗೆ ಗೊತ್ತು. ಆದರೆ ತೆಗೆದರೆ ಕಳ್ಳ ಓಡಿದ ಅಂತಾರೆ. ತೆಗೆಯದಿದ್ದರೆ ಕಳ್ಳ ಕುಂತಾನ ಅಂತಾರೆ. ಓಡುವ ವಯಸ್ಸಲ್ಲ. ಕುಂತೆ. ಒಳಗೆ ತಂಪಿತ್ತು. ನನ್ನ ಮನೆ ಕೀಲಿ ಹೋಗುವಾಗ ನಾನೇ ಹಾಕುತ್ತೇನೆ, ಬಂದಾಗ ನಾನೇ ತೆಗೆಯುತ್ತೇನೆ. ನಾನು ಒಳಗೆ ಇದ್ದೇನೆ ಅಂತ ಗೊತ್ತಿದ್ದು ಒಬ್ಬರು ಕೀಲಿ ಹಾಕಿದ್ದು ಭಾಳ ದಿನದ ಮೇಲೆ.

ಪಂಪಿನವರು ಸಮಾಧಾನ ಮಾಡಿದರು. ಸಾವ್ಕಾರರು ನಾಚಿ ಕೈ ಮುಗಿದರು. ಆಮೇಲೆ ನನ್ನ ಗಾಡಿಯೊಳಗೆ ಕುಂತು ಹ್ಯಾಂಡಲ್ ಎಳೆದುಕೊಟ್ಟರು. ಎಳೆದು ಇಳಿದವರು ನನ್ನ ಗಾಡಿ ಕಡೆ ತಮ್ಮ ಕೀಲಿ ಹಿಡಿದು ಒತ್ತಿದರು. ದೂರ ನಿಂತ ಅವರ ಗಾಡಿ ಕೀಂಕ್ ಅಂದಿತು.

೪. ಪಾದುಕಾ

ಅಳಿಯ ಹೊಸ ಕಾರು ತಗೊಂಡ. ಗಾಣಗಾಪುರದಲ್ಲಿ ಪೂಜಿ ಮಾಡಿಸೂದು ಅಂತ ಮಗಳು ನನ್ನನ್ನೂ ಕರೆದಳು. ಟೆಂಗು ಒಡೆದದ್ದಾಯಿತು. ನಿಂಬೆಹಣ್ಣು ಗಾಲಿ ಕೆಳಗೆ ಇಟ್ಟದ್ದಾಯಿತು. ಆಮೇಲೆ ಅಳಿಯ ಅಂಗಡಿಯಿಂದ ದತ್ತನ ಪಾದುಕಾದ ದೊಡ್ಡ ಸ್ಟಿಕರ್ ತಂದ. ಬಾಗಿಲಿಗೆ ಹಚ್ಚಿದರೆ ತಿಕ್ಕುತ್ತದೆ, ಕಾಚಿಗೆ ಹಚ್ಚಿದರೆ ಹಿಂದಿನದು ಕಾಣುವುದಿಲ್ಲ ಅಂತ ಜಾಗಾ ಹುಡುಕಿ, ಯಾರ ಕೈ ತಾಗದಂಥ ಕಡೆ ಹಚ್ಚಿದ.

ಜೇವರ್ಗಿಗೆ ವಾಪಸ್ ಹೋಗುವಾಗ ಪಂಪಿನಲ್ಲಿ ನಿಂತೆವು. ಪೆಟ್ರೋಲ್ ಹಾಕುವವ ಗಾಡಿ ಸುತ್ತ ತಿರುಗಿದ.

"ಮುಚ್ಚಳ ಎಲ್ಲೈತ್ರಿ?"

ಪಾದುಕಾದ ಕೆಳಗೆ. ಅರ್ಧ ಪಾದ ಮುಚ್ಚಳದ ಮೇಲೆ, ಅರ್ಧ ಪಾದ ಗಾಡಿ ಮೇಲೆ.

ಪಂಪಿನವನು ಬ್ಲೇಡ್ ತಂದ. ತಂದು ಅಳಿಯನ ಕೈಗೆ ಕೊಟ್ಟ. ಅಳಿಯ ನನ್ನ ಕೈಗೆ ಕೊಟ್ಟ.

"ಮಾವಾ, ನೀವು ಹಿರೇರು."

"ಹಿರೇರು ಅಂತ ದೇವರ ಪಾದ ಕೊಯ್ಯಲೇನ್ರಿ?"

ನಾನು ಬ್ಲೇಡ್ ಪಂಪಿನವನಿಗೆ ಕೊಟ್ಟೆ. ಅವ ಮತ್ತೆ ಅಳಿಯನಿಗೆ ಕೊಟ್ಟ. ಒಳಗೆ ಕುಂತ ಮಗಳು ಇದನ್ನೆಲ್ಲ ನೋಡುತ್ತಿದ್ದಳು.

"ದೇವರು ಹೊತ್ಕೊಂಡು ಹೋಗ್ತಾನ ಬಿಡ್ರಿ. ಪೆಟ್ರೋಲ್ ಯಾಕ ಬೇಕು? ನಡೀರಿ" ಅಂದಳು.

ಅಳಿಯನಿಗೆ ಈ ಕುಚೋದ್ಯ ತಿಳಿಯಲಿಲ್ಲ. ಹೌದು ಅಂತ ಗಾಡಿ ಚಾಲೂ ಮಾಡಿದ. ಭೀಮಾ ಬ್ರಿಜ್ ಮೇಲೆ ದೇವರು ಕೈ ಬಿಟ್ಟ. ನಾನೂ ಅಳಿಯನೂ ನೂಕಿದೆವು. ಮಗಳು ಸ್ಟೇರಿಂಗ್ ಹಿಡಿದಿದ್ದಳು. ನದಿ ದಾಟಿ ಒಂದು ಪಂಪ್ ಸಿಗುವ ಹೊತ್ತಿಗೆ ನನ್ನ ಎದೆ ಹಾರುತ್ತಿತ್ತು.

ಮಗಳು ಇಳಿದಳು. ಬಳಿಯೊಳಗಿನ ಪಿನ್ನು ತೆಗೆದಳು. ಪಾದುಕಾಕ್ಕೆ ಕೈ ಮುಗಿದಳು. "ಯಪ್ಪಾ, ಇವ್ರಿಬ್ಬರ ಬುದ್ಧಿ ನಿನಗ ಗೊತ್ತದ. ಜರಾ ಬಾಜೂಕ ಸರಿ" ಅಂದು ಒಂದೇ ಗೆರೆ ಎಳೆದಳು. ಮುಚ್ಚಳ ತೆರೆಯಿತು.

ಆಮೇಲೆ ಅದೇ ಪಿನ್ನು ನನ್ನ ಕಡೆ ತೋರಿಸಿದಳು.

"ಹೊಸಾ ಗಾಡೀದೇ ಹಿಂಗ. ನಿನ್ನ ಗಾಡಿ ಎಲ್ಲಿ ನಿಂತಿರ್ತದೋ ಅಂತ ದಿನಾ ನಂಗ ಹೊಟ್ಯಾಗ ಬೆಂಕಿ. ಬರೂ ಶುಕ್ರವಾರ ಮಿಸ್ತ್ರಿಗಿ ಹೇಳೀನಿ. ಗಾಡಿ ತಗೊಂಡು ಜೇವರ್ಗಿಗಿ ಬಾ. ಬರಲಿಲ್ಲಂದ್ರ ಶನಿವಾರ ನಿನ್ನ ಅಳಿಯ ಬಂದು ಗಾಡಿ ಒಯ್ದು ಮಾರ್ತಾರ."

ಅಳಿಯನ ಕಡೆ ನೋಡಿದೆ. ಅವನ ಕೈಯಲ್ಲಿ ಇನ್ನೂ ಆ ಬ್ಲೇಡ್ ಇತ್ತು. ಆ ಪಂಪಿನವನದು. ನೂಕುವಾಗಲೂ ಬಿಟ್ಟಿರಲಿಲ್ಲ.

೫. ಒಬ್ಬರು ಸಾಕು

ಗುರುವಾರ. ಮರುದಿನ ಶುಕ್ರವಾರ. ಹೋಗಬೇಕೋ ಬೇಡೋ ಅಂತ ಇನ್ನೂ ಠರಾವ್ ಆಗಿರಲಿಲ್ಲ. ಹೋದರೆ ಆಕಿ ಕೆಲಸ ಹೋಗುತ್ತದೆ. ಹೋಗದಿದ್ದರೆ ಗಾಡಿ ಹೋಗುತ್ತದೆ.

ಬಾಡಿಗೆ ಬಿಟ್ಟು ಚೌಡಾಪುರದ ಪಂಪಿಗೆ ಬಂದೆ. ನೆತ್ತಿ ಮೇಲೆ ಸೂರ್ಯ. ಪಂಪಿನ ಹೆಣ್ಣುಮಗಳು ಟ್ರ್ಯಾಕ್ಟರಿನವರ ಡ್ರಮ್ಮಿಗೆ ಡೀಸೆಲ್ ಹಾಕುತ್ತಿದ್ದಳು. "ತಡೀರಿ ಕಾಕಾ" ಅಂದಳು. ಬಾಜೂಕ ಮಹಾರಾಷ್ಟ್ರದ ನಂಬರಿನ ದೊಡ್ಡ ಗಾಡಿ ನಿಂತಿತ್ತು. ಗಾಣಗಾಪುರಕ್ಕೆ ಹೊಂಟ ಭಕ್ತರು. ಮುಂದೆ ಮಗ, ಬಾಜೂಕ ಸೊಸೆ, ಹಿಂದೆ ಮುದುಕಿ. ಅವರನ್ನೇ ಕರೆಯೂಣು ಅಂತ ಹೋದೆ.

ಇಲ್ಲಿ ಒಂದು ಮಾತು ಹೇಳಬೇಕು. ಗಾಣಗಾಪುರದಲ್ಲಿ ಮಧ್ಯಾಹ್ನದ ಹೊತ್ತಿಗೆ ದತ್ತ ಮಹಾರಾಜರು ಯಾವುದಾದರೂ ರೂಪದಾಗ ಭಿಕ್ಷಾಕ್ಕೆ ಬರುತ್ತಾರೆ ಅಂತ ನಂಬಿಕೆ. ಆ ಹೊತ್ತಿನಲ್ಲಿ ಯಾರು ಬಂದು ಏನು ಕೇಳಿದರೂ ಭಕ್ತರು ಇಲ್ಲ ಅನ್ನುವುದಿಲ್ಲ. ಅವತ್ತಿನ ನನ್ನ ರೂಪವನ್ನೂ ಹೇಳಬೇಕು. ಆಕಿ ಹೋದ ಮೇಲೆ ಗಡ್ಡ ತೆಗೆಸಿರಲಿಲ್ಲ. ಉಟ್ಟದ್ದು ಧೋತರ. ಹಣೆ ತುಂಬ ವಿಭೂತಿ. ಗಾಡಿ ಓಡಿಸುವಾಗ ಚಪ್ಪಲಿ ಹಾಕುವುದಿಲ್ಲ, ಅದಕ್ಕೆ ಬರಿಗಾಲು.

ನಾನು ಬಾಯಿ ತೆಗೆಯುವ ಮೊದಲೇ ಮುದುಕಿ ಒಂದು ಚಪಾತಿ, ಬೆಲ್ಲ ನನ್ನ ಕೈಯಲ್ಲಿ ಇಟ್ಟಳು. "ತಗೋರಿ ಮಹಾರಾಜ್ರ" ಅಂದಳು. ಕನ್ನಡ ಚಂದ ಇತ್ತು. ಆಕಿ ತವರು ಮನೆ ಮಣ್ಣೂರ, ಸೊಲ್ಲಾಪುರದ ಕಡೆ ಕೊಟ್ಟಿದ್ದರಂತೆ. ಅದು ಆಮೇಲೆ ತಿಳಿದದ್ದು.

"ನಾ ಉಣ್ಣಾಕ ಬಂದಿಲ್ಲವಾ" ಅಂದೆ.

ಆಕಿ ಮುಖ ಬದಲಾಯಿತು. "ಮತ್ತೇನು ಬೇಕ್ರಿ?"

"ಒಬ್ಬರು ಬೇಕಾಗ್ಯಾರ."

"ಒಬ್ಬರು ಅಂದ್ರ?"

"ನಿಮ್ಮೊಳಗ ಯಾರರ ಒಬ್ಬರು. ನನ್ನ ಕೂಡ ಬರಬೇಕು."

ಮುದುಕಿ ಮಗನಿಗೆ ಮರಾಠಿಯಲ್ಲಿ ಹೇಳಿದಳು. ಮಗ ಸ್ಟೇರಿಂಗ್ ಗಟ್ಟಿ ಹಿಡಿದ.

"ಯಾರು ಬರಬೇಕ್ರಿ?" ಅಂತ ಕೇಳಿದಳು. ಸೆರಗು ತಲಿ ಮೇಲೆ ಎಳಕೊಂಡಳು.

"ಯಾರಾದ್ರೂ ನಡೀತದ. ಒಬ್ಬರು ಸಾಕು. ಭಾಳ ಹೊತ್ತು ಹಿಡಿಯೂದಿಲ್ಲ. ತ್ರಾಸೂ ಆಗೂದಿಲ್ಲ."

ಪಾಪ, ಸಂಶಯ ಬಂದಿರಬೇಕು ಅಂತ ಬಿಡಿಸಿ ಹೇಳಿದೆ. "ಮೊದಲ ನನ್ನ ಹೆಂಡತಿ ಇದ್ದಳು. ಆಕಿ ಹ್ವಾದಳು. ಅದಕ್ಕ ಈಗ ಹಿಂಗ ಮಂದಿನ್ನ ಕರಕೊಂಡು ಹೋಗಬೇಕಾಗ್ಯದ."

ನಾನು ಮೊದಲೇ ಮಾತು ಕಮ್ಮಿ ಆಡುವವ. ಬಿಸಿಲಿಗೆ ಕಾಲು ಸುಡುತ್ತಿದ್ದವು. ಇನ್ನೂ ಕಮ್ಮಿ ಆಡಿದೆ.

ಮಗ ಅವ್ವನ ಕಡೆ ನೋಡಿದ. ಸೊಸೆಯೂ ಅತ್ತಿ ಕಡೆ ನೋಡಿದಳು. ಮುದುಕಿ ಇಬ್ಬರನ್ನೂ ನೋಡಿದಳು.

"ಇಬ್ಬರೂ ನನ್ನ ಕಡೀನೇ ನೋಡಾಕತ್ತೀರಿ. ಇರಲಿ. ನಾನೇ ಹೋಗ್ತೇನಿ."

ಕೊರಳಿನ ಬಂಗಾರದ ಸರ ತೆಗೆದು ಸೊಸೆಯ ಕೈಯಲ್ಲಿ ಇಟ್ಟಳು. ಆಕಿ ಕೈ ಹಿಡಿದು ಮರಾಠಿಯಲ್ಲಿ ಭಾಳ ಹೊತ್ತು ಏನೋ ಹೇಳಿದಳು. ಸೊಸೆ ಮೊದಲು ಅತ್ತಳು. ಆಮೇಲೆ ಅಳು ನಿಲ್ಲಿಸಿದಳು. ಆಮೇಲೆ ಕಣ್ಣು ದೊಡ್ಡದು ಮಾಡಿ ಅತ್ತಿ ಮಾತು ಕೇಳತೊಡಗಿದಳು. ಒಂದು ಹ್ಯಾಂಡಲ್ ಎಳೆಯಲಿಕ್ಕೆ ಈ ಜನ ಎಷ್ಟು ಕಳಕಳಿಯಿಂದ ಬೀಳ್ಕೊಡುತ್ತಾರೆ ಅಂತ ನನಗೆ ಮನಸ್ಸು ತುಂಬಿ ಬಂತು. ನಮ್ಮ ಕಡೆ ಇಷ್ಟು ಪ್ರೀತಿ ಇಲ್ಲ ಅನ್ನಿಸಿತು.

ಮುದುಕಿ ಬಂದು ನನ್ನ ಸೀಟಿನಲ್ಲಿ ಕುಂತಳು. ಕಣ್ಣು ಮುಚ್ಚಿದಳು. ಕೈ ಮುಗಿದಳು.

"ಆಯ್ತ್ರಿ ಮಹಾರಾಜ್ರ. ನಾ ತಯಾರ ಅದೀನಿ."

"ಬಲಗೈ ಕೆಳಗ ಹಾಕವಾ. ನೆಲದ ಬಾಜೂಕ ಹ್ಯಾಂಡಲ್ ಅದ. ಎಳಿ. ಬಿಡಬ್ಯಾಡ."

ಎಳೆದಳು. ನಾನು ಹಿಂದೆ ಹೋಗಿ ಏಟು ಹಾಕಿದೆ. ಟಪ್.

"ಆಯ್ತವಾ. ಇಳೀ."

ಮುದುಕಿ ಒಂದು ಕಣ್ಣು ತೆರೆದಳು. ಪಂಪ್ ಕಂಡಿತು. ಟ್ರ್ಯಾಕ್ಟರ್ ಕಂಡಿತು. ತಿರುಗಿದಳು, ಮುಚ್ಚಳ ಹಿಡಿದು ನಿಂತ ನಾನು ಕಂಡೆ.

"ಇಷ್ಟೇನಾ?"

"ಇಷ್ಟೇ."

"ಪೆಟ್ರೋಲ್ ಮುಚ್ಚಳಾ?"

"ಹೌದವಾ. ನೀ ಏನು ತಿಳಕೊಂಡಿದ್ದಿ?"

ಏನು ತಿಳಕೊಂಡಿದ್ದಳು ಅಂತ ಹೇಳಿದಳು. ಒಬ್ಬರ ಜೀವ ಒಯ್ಯಲಿಕ್ಕೆ ದತ್ತ ಮಹಾರಾಜರೇ ಬಂದಾರ ಅಂತ. ಬದುಕಿದೆನಲ್ಲಾ ಅಂತ ಮುದುಕಿ ಖುಷಿ ಆಗುತ್ತಾಳೆ ಅಂದುಕೊಂಡೆ. ಆಕಿ ಸಿಟ್ಟಿಗೆದ್ದಳು. ಮಹಾರಾಜ್ರ ಅನ್ನೂದು ಹೋಗಿತ್ತು.

"ಮೊದಲ ಹೇಳಾಕ ಏನಾಗಿತ್ತೋ ತಮ್ಮಾ ನಿನಗ? ನಾ ಸೊಸಿಗಿ ಎಲ್ಲಾ ಹೇಳಿಬಿಟ್ಟೆ!"

"ಎಲ್ಲಾ ಅಂದ್ರ?"

"ಹೋಗಾಕತ್ತೀನಲ್ಲಾ, ಇಟ್ಕೊಂಡು ಏನು ಮಾಡೂದು ಅಂತ ಮನಸಿನ್ಯಾಗಿದ್ದದ್ದು ಎಲ್ಲಾ ಹೇಳಿದೆ. ಆಕಿ ಮಾಡೂ ಆಮಟಿ ಸಾರು ಇಷ್ಟು ವರ್ಷ ಹೆಂಗ ನುಂಗೀನಿ ಅಂತ ಹೇಳಿದೆ. ಆಕಿ ಅವ್ವನ ಬಗ್ಗೆ ಹೇಳಿದೆ. ಈಗ ಯಾವ ಮಾರಿ ಹೊತ್ಕೊಂಡು ಆ ಗಾಡ್ಯಾಗ ಕುಂದ್ರಲಿ?"

ಇಳಿಯಲಿಲ್ಲ. ಬಾಜೂಕಿನ ಸೀಟಿಗೆ ಸರಿದಳು. "ನಡಿ. ಗಾಣಗಾಪುರ ತನಾ ನಿನ್ನ ಗಾಡ್ಯಾಗೇ ಬರ್ತೇನಿ."

ಪೆಟ್ರೋಲ್ ಹಾಕಿಸಿ ಹೊಂಟೆ. ಅವರ ಗಾಡಿ ಹಿಂದೆ ಬಂತು. ಸ್ವಲ್ಪ ದೂರ ಹೋದ ಮೇಲೆ ಆಕಿ ಕೇಳಿದಳು. "ನಿನ್ನ ಹೆಂಡತಿ ಎಳೀತಿದ್ದಳೇನು ಇದನ್ನ?"

"ಹೂಂ."

"ರಿಪೇರಿ ಆಗೂದಿಲ್ಲೇನು?"

"ಆಗ್ತದ. ಮಗಳು ನಾಳೆ ಬಾ ಅಂದಾಳ. ಇಲ್ಲಂದ್ರ ಗಾಡಿ ಮಾರ್ತಾರ."

"ಮತ್ತ?"

"ಅದು ಆಕಿ ಕೆಲಸ. ಬ್ಯಾರೆದಕ್ಕ ಕೊಡಾಕ ಮನಸಿಲ್ಲ."

ಮುದುಕಿ ಹೊರಗೆ ಕಬ್ಬಿನ ಹೊಲ ನೋಡುತ್ತ ಕುಂತಳು. ಆಮೇಲೆ, "ಆಕಿ ಹ್ವಾದಮ್ಯಾಲ ಯಾರ್ಯಾರನ್ನ ಕುಂದ್ರಿಸಿದಿ?" ಅಂತ ಕೇಳಿದಳು. ಹೇಳಿದೆ. ಕಾನ್‌ಸ್ಟೇಬಲ್‌ನದು ಹೇಳಿದೆ, ಸಾವ್ಕಾರರದು ಹೇಳಿದೆ. ಇನ್ನೂ ಭಾಳ ಮಂದಿ ಇದ್ದರು, ಅವರದೂ ಹೇಳಿದೆ. ಅಷ್ಟು ಮಾತು ನಾನು ಒಂದು ವರ್ಷದಾಗ ಆಡಿರಲಿಲ್ಲ. ಆಕಿ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

"ಆಕಿ ಕೆಲಸ ಯಾರಿಗೂ ಕೊಡಬಾರದಂತ ತಂತಿ ಹಾಕ್ಸಿಲ್ಲ. ಮತ್ತ ಪೊಲೀಸನಿಂದ ಹಿಡದು ನನ್ನ ತನಾ ಊರ ಮಂದಿಗೆಲ್ಲಾ ಕೊಟ್ಟೀದಿ. ನಾ ಆಕಿ ಆಗಿದ್ರ ನಿನ್ನ ಗಡ್ಡ ಹಿಡದು ಕೇಳ್ತಿದ್ದೆ. ತಂತಿಗಿ ಕೊಡೋ ತಮ್ಮಾ. ತಂತಿ ಆಕಿ ಜಾಗಾದಾಗ ಬಂದು ಕುಂದ್ರೂದಿಲ್ಲ."

ಇದು ನನಗೆ ಹೊಳೆದಿರಲಿಲ್ಲ.

ಶುಕ್ರವಾರ ಜೇವರ್ಗಿಗೆ ಹೋಗಿ ತಂತಿ ಹಾಕಿಸಿದೆ. ಅದನ್ನು ಈಗಲೇ ಹೇಳಿಬಿಡುತ್ತೇನೆ. ಈಗ ಒಬ್ಬನೇ ತೆಗೆಯುತ್ತೇನೆ. ಟಾಕಿ ತುಂಬಿಸುತ್ತೇನೆ. ಗಾಡಿ ನನ್ನ ಹಂತೇಲೇ ಇದೆ. ಪಂಪಿನಲ್ಲಿ ಎಳೆಯುವಾಗ ಬಾಜೂಕಿನ ಸೀಟಿನ ಕಡೆ ಒಮ್ಮೆ ನೋಡುತ್ತೇನೆ. ಅದು ಖಾಲಿ ಇರುತ್ತದೆ. ಖಾಲಿ ಇದ್ದರೆ ಬರೋಬರಿ ಅನ್ನಿಸುತ್ತದೆ.

ಆದರೆ ಗಾಣಗಾಪುರದ್ದು ಇನ್ನೂ ಮುಗಿದಿಲ್ಲ. ಗುಡಿ ಮುಂದೆ ಗಾಡಿ ನಿಲ್ಲಿಸಿದೆ. ಮುದುಕಿ ಇಳಿದು ಸೆರಗು ಝಾಡಿಸಿ ನಿಂತಳು. ಹಿಂದಿನ ಗಾಡಿಯಿಂದ ಮಗ ಓಡಿ ಬಂದು ಅವ್ವನ ಕಾಲಿಗೆ ಬಿದ್ದ. ಆಮೇಲೆ ನನ್ನ ಗಾಡಿಗೆ ಬಿದ್ದ. ಮುದುಕಿ ಅವನ ಕಿವಿ ಹಿಡಿದು ಎಬ್ಬಿಸಿದಳು.

ಸೊಸೆ ಮಾತ್ರ ಮೆಲ್ಲಗೆ ಬಂದಳು. ಸರ ಆಗಲೇ ಕೊರಳಿನಲ್ಲಿ ಹಾಕಿಕೊಂಡಿದ್ದಳು. ನನ್ನ ಕಿಡಕಿ ಹತ್ತಿರ ನಿಂತು ಕೈ ಮುಗಿದಳು. ಅತ್ತಿ ಕಡೆ ಒಮ್ಮೆ ನೋಡಿದಳು. ಆಮೇಲೆ ತನಗೆ ಬಂದಷ್ಟು ಕನ್ನಡದಲ್ಲಿ, ಭಾಳ ನಯವಾಗಿ ಕೇಳಿದಳು.

"ಮಹಾರಾಜ... ಅತ್ತೀನ್ನ ವಾಪಸ್ ಕೊಡ್ತೀರಿ?"